ಇಳಿದ ತೂಕ ಮತ್ತೆ ಏರಿತೆಂದು ನಡಿಗೆ ನಿಲ್ಲಬೇಕೆ?

ಬೆಳಗ್ಗೆ ಐದೂವರೆ ಆಗುವಷ್ಟರಲ್ಲಿ ಥಾಣೆಯ ಮಾಸುಂದಾ ಕೆರೆಯ ದಂಡೆ ಎಚ್ಚೆತ್ತಿರುತ್ತದೆ. ಜನರ ಬಾಯಲ್ಲಿ ತಲಾವ್ ಪಾಳಿ ಎಂದೇ ಹೆಸರಾದ ಈ ಕೆರೆಯ ಸುತ್ತ ಕೊಪಿನೇಶ್ವರ ಮಂದಿರದ ಗಂಟೆಯ ಸದ್ದು ಕೇಳುತ್ತಾ, ಗಡ್ಕರಿ ರಂಗಾಯತನದ ಎದುರು ಹಾದು ಬಿರುಸಾಗಿ ಸುತ್ತು ಹಾಕುವವರು ಹಲವರು. ಅದೇ ಹೊತ್ತಿಗೆ ಡೊಂಬಿವಲಿಯ ಫಡ್ಕೆ ರಸ್ತೆಯಲ್ಲಿ, ಕಲ್ಯಾಣ್‌ನ ಕಾಳಾ ತಲಾವ್ ಸುತ್ತ, ವಾಶಿಯ ಸಾಗರ ವಿಹಾರದಲ್ಲಿ, ನೆರೂಲ್‌ನ ಪಾಮ್ ಬೀಚ್ ಪರಿಸರದಲ್ಲಿ, ಖಾರ್ಘರ್‌ನ ಸೆಂಟ್ರಲ್ ಪಾರ್ಕ್‌ನಲ್ಲಿ ಇಂಥವೇ ಗುಂಪುಗಳು. ಕಿವಿಗೊಟ್ಟರೆ ಮರಾಠಿ, ಗುಜರಾತಿಗಳ ನಡುವೆ ತುಳು, ಕನ್ನಡ, ಕೊಂಕಣಿ ಮಾತುಗಳೂ ಕೇಳುತ್ತವೆ.

ಜನವರಿಯ ಮೊದಲ ವಾರದಲ್ಲಿ ಈ ಜಾಗಗಳಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ಹೊಸ ಬೂಟು, ಹೊಸ ಟ್ರ್ಯಾಕ್ ಪ್ಯಾಂಟು, ಜಿಮ್ಮಿಗೆ ವರ್ಷದ ಹಣ ಒಮ್ಮೆಲೇ ಕಟ್ಟಿದ ಉತ್ಸಾಹ. ಫೆಬ್ರವರಿ ಮುಗಿಯುವ ಹೊತ್ತಿಗೆ ಗುಂಪು ಅರ್ಧಕ್ಕೆ ಇಳಿಯುತ್ತದೆ. ಬಿಟ್ಟುಹೋದವರಲ್ಲಿ ಕೆಲವರು ಮತ್ತೆ ಬರುತ್ತಾರೆ. ವರ್ಷದ ಯಾವುದೋ ಒಂದು ಮಂಗಳವಾರ, ಹಬ್ಬವಲ್ಲದ, ಮುಹೂರ್ತವಿಲ್ಲದ ದಿನ, ಸದ್ದಿಲ್ಲದೆ ಬಂದು ಸೇರಿಕೊಳ್ಳುತ್ತಾರೆ. ಹಳೆಯ ಗೆಳೆಯರ ಕಣ್ಣಿಗೆ ಬೀಳದಂತೆ ಅರ್ಧ ಗಂಟೆ ಮೊದಲೋ ನಂತರವೋ ಬರುವವರೂ ಇದ್ದಾರೆ. "ಏನಣ್ಣ, ಬಹಳ ದಿನವಾಯಿತಲ್ಲ ಕಾಣದೆ? ಮತ್ತೆ ಹೊಟ್ಟೆ ಬಂದ ಹಾಗಿದೆ?" ಎಂಬ ಒಂದು ಮಾತಿಗೆ ಅಂಜಿ. ಹೇಳುವವರಿಗೆ ಅದು ತಮಾಷೆ. ಕೇಳುವವರಿಗೆ ಮರುದಿನ ಮನೆಯಲ್ಲೇ ಉಳಿಯಲು ಅಷ್ಟೇ ಸಾಕು.

ಬಾಳಿನುದ್ದಕ್ಕೂ ತೂಕದೊಡನೆ ಹೆಣಗಿ, ಇಳಿಸಿ, ಮತ್ತೆ ಏರಿಸಿಕೊಂಡು, ಐದನೆಯ ಸಲವೋ ಏಳನೆಯ ಸಲವೋ ಬೂಟಿನ ದಾರ ಕಟ್ಟುವ ಇಂಥವರ ಕುರಿತೇ ಈ ಬರಹ.

ಗಲ್ಲಾ ಏರಿದ ಮೇಲೆ

ಇವರ ಕಥೆಗಳಲ್ಲಿ ಹೆಸರು, ಊರು ಬೇರೆ ಬೇರೆಯಾದರೂ ಉಳಿದುದು ಬಹುಮಟ್ಟಿಗೆ ಒಂದೇ. ಎಳೆಯ ಪ್ರಾಯದಲ್ಲಿ ಊರಿನಿಂದ ಬಂದು ಹಗಲು ಹೊಟೇಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿದ ತಲೆಮಾರಿನವರು ಆಗ ಕಡ್ಡಿಯಂತಿದ್ದರು. ದಿನವಿಡೀ ಟೇಬಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಟೇಬಲಿಗೆ ಓಡಾಟ. ಮಲಗುವುದು ಅಲ್ಲೇ ಬೆಂಚಿನ ಮೇಲೆ. ಮುಂದೆ ಒಂದು ದಿನ ಗಲ್ಲಾದಲ್ಲಿ ಕೂರುವ ಯೋಗ ಬಂತು. ಓಡಾಟ ನಿಂತಿತು, ಊಟದ ಅಳತೆ ಮಾತ್ರ ಹಾಗೇ ಉಳಿಯಿತು. ಮಧ್ಯಾಹ್ನದ ಗಿರಾಕಿಗಳೆಲ್ಲ ಉಂಡು ಹೋದ ಮೇಲೆ ಮೂರೂವರೆ ಗಂಟೆಗೆ ಊಟ, ಹೊಟೇಲು ಮುಚ್ಚಿ ಲೆಕ್ಕ ಮುಗಿಸಿ ರಾತ್ರಿ ಹನ್ನೆರಡಕ್ಕೆ ಇನ್ನೊಂದು ಊಟ, ಉಂಡ ಕೂಡಲೇ ನಿದ್ದೆ. ನಡುವೆ ಬಂದವರಿಗೆಲ್ಲ ಜೊತೆ ಕೊಡಲು ಕಟ್ಟಿಂಗ್ ಚಾ. ಹೊಟ್ಟೆ ಮುಂದೆ ಬಂದಾಗ ಊರಿನವರು "ಮುಂಬಯಿ ನೀರು ಹಿಡಿಯಿತು, ಸೇಟು ಆದ" ಎಂದು ಸಂತೋಷಪಟ್ಟರು. ಹಸಿವು ಕಂಡಿದ್ದ ಮನೆಯವರಿಗೆ ಮಗನ ಹೊಟ್ಟೆ ಒಂದು ಬಗೆಯ ಪ್ರಮಾಣಪತ್ರ. ಅದನ್ನು ತಪ್ಪೆನ್ನುವಂತಿಲ್ಲ. ಆದರೆ ನಲವತ್ತೈದಕ್ಕೆ ಸಕ್ಕರೆ ಕಾಯಿಲೆ, ಐವತ್ತಕ್ಕೆ ರಕ್ತದೊತ್ತಡ ಬಂದಾಗ ಅದೇ ಪ್ರಮಾಣಪತ್ರವನ್ನು ವೈದ್ಯರು ಬೇರೆ ರೀತಿ ಓದುತ್ತಾರೆ.

ಹೆಂಗಸರ ಪಾಡು ಇನ್ನೊಂದು. ಡೊಂಬಿವಲಿ, ಕಲ್ಯಾಣ್‌ನ ಮನೆಗಳಲ್ಲಿ ಮುಂಬಯಿಗೆ ಹೋಗುವವರ ಡಬ್ಬಿ ಕಟ್ಟಬೇಕಾದರೆ ನಾಲ್ಕೂವರೆ, ಐದಕ್ಕೆ ಏಳಲೇಬೇಕು. ಡೊಂಬಿವಲಿಯಿಂದ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್‌ಗೆ ಸುಮಾರು 48 ಕಿಲೋಮೀಟರ್, ಕಲ್ಯಾಣ್‌ನಿಂದ ಇನ್ನೂ ಐದಾರು ಹೆಚ್ಚು. ತಾನೂ ಉದ್ಯೋಗಕ್ಕೆ ಹೋಗುವವಳಾದರೆ ದಿನದ ಎರಡೂವರೆ, ಮೂರು ಗಂಟೆ ಲೋಕಲ್ ರೈಲಿನ ಬಾಗಿಲಲ್ಲೇ ಕಳೆಯುತ್ತದೆ. ಎರಡು ಹೆರಿಗೆಯ ಬಳಿಕ ಏರಿದ ತೂಕ ಇಳಿಯದೇ ಉಳಿದುದಕ್ಕೆ ಸೋಮಾರಿತನ ಕಾರಣವೆನ್ನುವವರು ಆ ದಿನಚರಿಯನ್ನು ಒಂದು ವಾರ ಮಾಡಿ ನೋಡಬೇಕು. ಮಕ್ಕಳು ತಟ್ಟೆಯಲ್ಲಿ ಬಿಟ್ಟದ್ದು ಹಾಳಾಗಬಾರದೆಂದು ತಾನೇ ತಿಂದು ಮುಗಿಸುವ ತಾಯಂದಿರ ಅಭ್ಯಾಸದ ಲೆಕ್ಕವನ್ನಂತೂ ಯಾವ ಡಯಟ್ ಚಾರ್ಟೂ ಬರೆದುಕೊಳ್ಳುವುದಿಲ್ಲ.

ಇನ್ನು ಹುಟ್ಟಿನಿಂದಲೇ ದಪ್ಪಗಿರುವವರು. ಶಾಲೆಯಲ್ಲಿ 'ಡುಮ್ಮ', 'ಆನೆಮರಿ' ಎಂಬ ಹೆಸರು, ಮದುವೆಯ ಮಾತುಕತೆಯಲ್ಲಿ "ಹುಡುಗಿ ಸ್ವಲ್ಪ ಭಾರ" ಎಂಬ ಪಿಸುಮಾತು. ಸಮಾಜದ ವಾರ್ಷಿಕ ಕ್ರೀಡೋತ್ಸವದಲ್ಲಿ ಇಂಥವರಿಗೆ ಮರ್ಯಾದೆ ಸಿಗುವುದು ಒಂದೇ ಸ್ಪರ್ಧೆಯಲ್ಲಿ. ಹಗ್ಗಜಗ್ಗಾಟದಲ್ಲಿ ಹಗ್ಗದ ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡು ಕಟ್ಟಕಡೆಗೆ ನಿಲ್ಲಲು ಅವರನ್ನು ಹುಡುಕಿಕೊಂಡು ಬರುತ್ತಾರೆ. ಗೆದ್ದ ಮೇಲೆ ಫೋಟೋದಲ್ಲಿ ಅವರು ಹಿಂದಿನ ಸಾಲಿನಲ್ಲಿ.

ಕನ್ನಡ ಸಿನಿಮಾ ಕೂಡ ದಪ್ಪ ದೇಹವನ್ನು ನಗಿಸಲೆಂದೇ ಇಟ್ಟುಕೊಂಡಿತು. ಹಾಸ್ಯನಟ ಬುಲೆಟ್ ಪ್ರಕಾಶ್ ಅವರ ಹೆಸರು ಹೇಳಿದರೆ ಮೊದಲು ನೆನಪಾಗುವುದು ಅವರ ಆಕಾರ. ಆ ಆಕಾರವೇ ಅವರಿಗೆ ಅನ್ನ ಕೊಟ್ಟಿತು. ಅದನ್ನು ಇಳಿಸಲು ಹೊರಟ ಅವರು ಐದು ತಿಂಗಳಲ್ಲಿ 35 ಕಿಲೋ ಕಳೆದುಕೊಂಡರೆಂದು ಪತ್ರಿಕೆಗಳು ಬರೆದವು. 2020ರ ಏಪ್ರಿಲ್ 6ರಂದು ಬೆಂಗಳೂರಿನಲ್ಲಿ ತೀರಿಕೊಂಡಾಗ ಅವರಿಗೆ 44 ವರ್ಷ. ಯಕೃತ್ತು, ಮೂತ್ರಪಿಂಡಗಳ ತೊಂದರೆ ಉಲ್ಬಣಿಸಿತ್ತು. ಇವೆರಡಕ್ಕೂ ಸಂಬಂಧ ಕಟ್ಟುವುದು ಪತ್ರಿಕೆಯ ಕೆಲಸವಲ್ಲ, ಅದು ವೈದ್ಯರಿಗೆ ಬಿಟ್ಟ ವಿಷಯ. ಆದರೆ ಜೀವಮಾನವಿಡೀ ದೇಹವನ್ನು ನಗೆಯ ಸರಕಾಗಿ ಹೊತ್ತು, ಕೊನೆಗೆ ಅದರಿಂದ ಬಿಡಿಸಿಕೊಳ್ಳಲು ಹೊರಟ ಒಬ್ಬ ಕಲಾವಿದನ ಬದುಕು ದಪ್ಪಗಿರುವ ಎಷ್ಟೋ ಮಂದಿಗೆ ತಮ್ಮದೇ ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ಮನಸ್ಸು ಸೋತಿತೆ, ದೇಹ ಗೆದ್ದಿತೆ?

ತೂಕ ಮರಳಿ ಬಂದಾಗ ಎಲ್ಲರೂ ತಮ್ಮನ್ನೇ ಹಳಿದುಕೊಳ್ಳುತ್ತಾರೆ. "ನನ್ನಲ್ಲಿ ಮನೋಬಲವಿಲ್ಲ" ಎಂಬುದು ಸಾಮಾನ್ಯ ಮಾತು. ಕಳೆದ ಹದಿನೈದು ವರ್ಷಗಳ ಸಂಶೋಧನೆ ಹೇಳುವುದು ಬೇರೆಯನ್ನೇ.

ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 50 ಮಂದಿಗೆ ಹತ್ತು ವಾರ ತೀರಾ ಕಡಿಮೆ ಆಹಾರ ಕೊಟ್ಟು ತೂಕ ಇಳಿಸಲಾಯಿತು. ಸರಾಸರಿ ಹದಿಮೂರೂವರೆ ಕಿಲೋ ಇಳಿಯಿತು. ಅದಾಗಿ ಒಂದು ವರ್ಷ ಕಳೆದು ಪರೀಕ್ಷಿಸಿದಾಗ ಹಸಿವು ಹೆಚ್ಚಿಸುವ ಹಾರ್ಮೋನುಗಳು ಏರಿದ ಮಟ್ಟದಲ್ಲೇ ಇದ್ದವು, ಹೊಟ್ಟೆ ತುಂಬಿತೆಂದು ಹೇಳುವವು ಇಳಿದ ಮಟ್ಟದಲ್ಲೇ ಇದ್ದವು. 2011ರಲ್ಲಿ ಪ್ರಕಟವಾದ ಈ ಅಧ್ಯಯನದ ಅರ್ಥ ಸರಳ. ಕಳೆದುಕೊಂಡ ಕೊಬ್ಬನ್ನು ದೇಹ ಸಾಲವೆಂದು ಬರೆದಿಟ್ಟುಕೊಳ್ಳುತ್ತದೆ, ವರ್ಷವಾದರೂ ವಸೂಲಿಗೆ ಬರುತ್ತಲೇ ಇರುತ್ತದೆ.

ಅಮೆರಿಕದ 'ದಿ ಬಿಗ್ಗೆಸ್ಟ್ ಲೂಸರ್' ಎಂಬ ಟಿ.ವಿ. ಸ್ಪರ್ಧೆಯ 14 ಮಂದಿಯನ್ನು ಆರು ವರ್ಷಗಳ ಬಳಿಕ ಪರೀಕ್ಷಿಸಿದ ವರದಿ 2016ರಲ್ಲಿ ಬಂತು. ಸ್ಪರ್ಧೆಯಲ್ಲಿ ಸರಾಸರಿ 58 ಕಿಲೋ ಇಳಿಸಿದ್ದ ಅವರಿಗೆ 41 ಕಿಲೋ ಮರಳಿ ಬಂದಿತ್ತು. ಅದಕ್ಕಿಂತ ಮುಖ್ಯ ಸಂಗತಿ, ಸುಮ್ಮನೆ ಕುಳಿತಾಗ ಅವರ ದೇಹ ಸುಡುವ ಶಕ್ತಿ, ಅಷ್ಟೇ ಗಾತ್ರದವರಲ್ಲಿ ನಿರೀಕ್ಷಿಸುವುದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲರಿ ಕಡಿಮೆಯಾಗಿತ್ತು. ಒಂದು ಹೊತ್ತಿನ ಊಟದಷ್ಟು ವ್ಯತ್ಯಾಸ! ಅದೇ ಗುಂಪಿನಲ್ಲಿ ತೂಕವನ್ನು ಹೆಚ್ಚು ಉಳಿಸಿಕೊಂಡವರು ಯಾರೆಂದು ನೋಡಿದರೆ, ನಡಿಗೆ, ವ್ಯಾಯಾಮಗಳನ್ನು ಬಿಡದೆ ಹೆಚ್ಚಿಸಿಕೊಂಡವರು.

ಇಲ್ಲಿ ಭಾರತೀಯರಿಗೆ ಇನ್ನೊಂದು ತೊಡಕಿದೆ. 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ ತಮ್ಮಿಬ್ಬರ ಫೋಟೋ ಅಚ್ಚು ಹಾಕಿಸಿದರು. ಇಬ್ಬರ ಎತ್ತರ-ತೂಕದ ಸೂಚ್ಯಂಕವೂ ಒಂದೇ, 22.3. ಆದರೆ ಇಂಗ್ಲಿಷ್ ವೈದ್ಯರ ಮೈಯಲ್ಲಿ ಕೊಬ್ಬು ಶೇ. 9.1, ಪುಣೆಯ ವೈದ್ಯರ ಮೈಯಲ್ಲಿ ಶೇ. 21.2. ನೋಡಲು ತೆಳ್ಳಗಿದ್ದರೂ ಒಳಗೆ ಕೊಬ್ಬು ತುಂಬಿಕೊಳ್ಳುವುದು ನಮ್ಮವರ ಮೈಗುಣ. ಆದ್ದರಿಂದಲೇ 2009ರಲ್ಲಿ ಭಾರತದ ತಜ್ಞರು ಅಳತೆಯನ್ನು ಬಿಗಿ ಮಾಡಿದರು. ಸೂಚ್ಯಂಕ 23 ದಾಟಿದರೆ ತೂಕ ಹೆಚ್ಚು, 25 ದಾಟಿದರೆ ಬೊಜ್ಜು. ಐದಡಿ ಐದಿಂಚು ಎತ್ತರದವರ ಮಟ್ಟಿಗೆ ಇದು ಸುಮಾರು 63 ಮತ್ತು 68 ಕಿಲೋ. ಹೊಟ್ಟೆಯ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಬಾರದು. ತೂಕದ ಯಂತ್ರಕ್ಕಿಂತ ಟೈಲರ್ ಅಂಗಡಿಯ ಟೇಪು ಹೆಚ್ಚು ನಿಜ ಹೇಳುತ್ತದೆ ಎಂದರೂ ತಪ್ಪಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ನೆರವಿನ ದೊಡ್ಡ ಸಮೀಕ್ಷೆ 2023ರಲ್ಲಿ ಪ್ರಕಟವಾದಾಗ ದೇಶದಲ್ಲಿ 10.1 ಕೋಟಿ ಮಂದಿಗೆ ಮಧುಮೇಹ, 13.6 ಕೋಟಿ ಮಂದಿಗೆ ಅದರ ಹಿಂದಿನ ಹಂತ ಇದೆಯೆಂದು ಅಂದಾಜಿಸಲಾಯಿತು. ಸಂಘ-ಸಂಸ್ಥೆಗಳು ನಡೆಸುವ ಉಚಿತ ಆರೋಗ್ಯ ತಪಾಸಣಾ ಶಿಬಿರಗಳಲ್ಲಿ ಬೆರಳು ಚುಚ್ಚಿಸಿಕೊಂಡು, ಚೀಟಿ ನೋಡಿ ಮುಖ ಸಣ್ಣದು ಮಾಡಿಕೊಂಡು ಹೊರಬರುವವರಲ್ಲಿ ಈ ಎರಡನೆಯ ಪಂಗಡದವರೂ ಇರುತ್ತಾರೆ. ಅವರಿಗಾಗಿಯೇ ಇರುವ ಒಂದು ಒಳ್ಳೆಯ ಸುದ್ದಿ ಚೆನ್ನೈಯದು.

ಕಿಲೋ ಇಳಿಯದಿದ್ದರೂ ಲಾಭ

ಚೆನ್ನೈಯಲ್ಲಿ ಡಾ. ಎ. ರಾಮಚಂದ್ರನ್ ಅವರ ನೇತೃತ್ವದಲ್ಲಿ ನಡೆದ 'ಭಾರತೀಯ ಮಧುಮೇಹ ತಡೆ ಕಾರ್ಯಕ್ರಮ'ದ ಫಲಿತಾಂಶ 2006ರಲ್ಲಿ ಹೊರಬಂತು. ಮಧುಮೇಹದ ಹೊಸ್ತಿಲಲ್ಲಿದ್ದ 531 ಮಂದಿಯನ್ನು ಮೂರು ವರ್ಷ ನೋಡಿಕೊಳ್ಳಲಾಯಿತು. ಏನೂ ವಿಶೇಷ ಸಲಹೆ ಸಿಗದವರಲ್ಲಿ ಮೂರು ವರ್ಷದೊಳಗೆ ಶೇ. 55 ಮಂದಿಗೆ ಮಧುಮೇಹ ಬಂದರೆ, ದಿನಕ್ಕೆ ಅರ್ಧ ಗಂಟೆ ಬಿರುಸಿನ ನಡಿಗೆ, ಸಕ್ಕರೆ-ಎಣ್ಣೆ-ಮೈದಾಗಳಲ್ಲಿ ಕಡಿತ, ಹೆಚ್ಚು ನಾರಿನ ಆಹಾರ ಎಂಬ ಸಲಹೆ ಪಡೆದ ಗುಂಪಿನಲ್ಲಿ ಅದು ಶೇ. 39ಕ್ಕೆ ಇಳಿಯಿತು. ವಿಶೇಷವೆಂದರೆ ಈ ಗುಂಪಿನವರ ತೂಕದಲ್ಲಿ ಹೇಳಿಕೊಳ್ಳುವಂಥ ಇಳಿಕೆಯೇ ಆಗಿರಲಿಲ್ಲ.

ಇದನ್ನು ಎರಡು ಸಲ ಓದಿಕೊಳ್ಳಬೇಕು. ಯಂತ್ರದ ಮುಳ್ಳು ಅಲ್ಲಾಡದಿದ್ದರೂ ರಕ್ತದಲ್ಲಿ ಕೆಲಸ ನಡೆದಿತ್ತು. "ಎರಡು ತಿಂಗಳು ನಡೆದೆ, ಅರ್ಧ ಕಿಲೋ ಕೂಡ ಇಳಿಯಲಿಲ್ಲ, ಇದೆಲ್ಲ ದಂಡ" ಎಂದು ಬೂಟನ್ನು ಮಂಚದ ಕೆಳಗೆ ತಳ್ಳುವವರು ತಮಗೆ ಆಗುತ್ತಿದ್ದ ಲಾಭವನ್ನು ಎದ್ದು ಬಿಟ್ಟಂತೆ. ಹಾಗೆ ನೋಡಿದರೆ ನಡಿಗೆಯೊಂದರಿಂದಲೇ ತೂಕ ಇಳಿಯುತ್ತದೆಂಬ ನಿರೀಕ್ಷೆಯೇ ತಪ್ಪು. ಅರ್ಧ ಗಂಟೆಯ ನಡಿಗೆಗೆ ಸಾಧಾರಣ ಮೈಕಟ್ಟಿನವರಲ್ಲಿ 130-150 ಕ್ಯಾಲರಿ ಖರ್ಚಾದರೆ ಹೆಚ್ಚು. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಬಹುತೇಕ ಅಷ್ಟೇ ಇರುತ್ತದೆ. ಕೆರೆಗೆ ನಾಲ್ಕು ಸುತ್ತು ಹಾಕಿ, ಆ ಖುಷಿಯಲ್ಲಿ ಎದುರಿನ ಹೊಟೇಲಿನಲ್ಲಿ ಒಂದು ಪ್ಲೇಟ್ ವಡೆ ತಿಂದು ಮನೆಗೆ ಹೋಗುವ ಗುಂಪುಗಳು ಥಾಣೆಯಲ್ಲಿ ಕಡಿಮೆಯಿಲ್ಲ. ಗೆಳೆತನಕ್ಕೆ ಅದು ಒಳ್ಳೆಯದು, ಲೆಕ್ಕಕ್ಕೆ ಅಲ್ಲ. ತೂಕ ಇಳಿಯುವುದು ಮುಖ್ಯವಾಗಿ ತಟ್ಟೆಯಲ್ಲಿ. ಇಳಿದದ್ದು ನಿಲ್ಲುವುದು, ಹೃದಯ-ಸಕ್ಕರೆ-ಮಂಡಿ ಸುಧಾರಿಸುವುದು ಕಾಲಿನಲ್ಲಿ.

ಸೂಜಿ, ಕತ್ತರಿ ಮತ್ತು ಎರಡು ಹೊತ್ತಿನ ಊಟ

ಮರಳಿ ಶುರುಮಾಡುವವರ ದೊಡ್ಡ ಶತ್ರು ಅವಸರ. ಕಳೆದ ಸಲದ ಸೋಲನ್ನು ಈ ಸಲ ಮೂರು ತಿಂಗಳಲ್ಲಿ ತೊಳೆದುಕೊಳ್ಳಬೇಕೆಂಬ ಹಟ. ಮಹಾರಾಷ್ಟ್ರದಲ್ಲಿ ಕೆಲವು ವರ್ಷ ಮನೆಮನೆಯ ಮಾತಾಗಿದ್ದುದು ಲಾತೂರಿನ ವೈದ್ಯಕೀಯ ಪ್ರಾಧ್ಯಾಪಕ ಡಾ. ಜಗನ್ನಾಥ ದೀಕ್ಷಿತ್ ಅವರ ವಿಧಾನ. ದಿವಂಗತ ಡಾ. ಶ್ರೀಕಾಂತ್ ಜಿಚ್ಕಾರ್ ಅವರ ವಿಚಾರದ ಮೇಲೆ ನಿಂತ ಈ ಪದ್ಧತಿಯಲ್ಲಿ ದಿನಕ್ಕೆ ಎರಡೇ ಊಟ, ಒಂದೊಂದೂ 55 ನಿಮಿಷದೊಳಗೆ ಮುಗಿಯಬೇಕು. 2018ರಲ್ಲಿ ರಾಜ್ಯ ಸರಕಾರ ಬೊಜ್ಜು ವಿರೋಧಿ ಅಭಿಯಾನಕ್ಕೆ ಅವರನ್ನೇ ರಾಯಭಾರಿಯನ್ನಾಗಿ ಮಾಡಿತು. ಇನ್ನೊಂದೆಡೆ ಮುಂಬಯಿಯ ಆಹಾರ ತಜ್ಞೆ ರುಜುತಾ ದಿವೇಕರ್ ಅವರು ಆಗಾಗ ಸ್ವಲ್ಪ ಸ್ವಲ್ಪ ತಿನ್ನಿ, ಊರಿನ ಅನ್ನ-ತುಪ್ಪ ಬಿಡಬೇಡಿ ಎಂದು ಹೇಳುತ್ತ ಬಂದವರು. ಒಂದೇ ಮನೆಯಲ್ಲಿ ಗಂಡ ಆ ಕಡೆ, ಹೆಂಡತಿ ಈ ಕಡೆ ಎಂಬಂಥ ತಮಾಷೆಗಳೂ ನಡೆದವು. ಎರಡರಿಂದಲೂ ಲಾಭವಾಯಿತೆನ್ನುವವರಿದ್ದಾರೆ. ತನ್ನ ಕೆಲಸದ ಹೊತ್ತಿಗೆ ಯಾವುದು ಹೊಂದುತ್ತದೋ, ಎರಡು ವರ್ಷವಾದರೂ ಯಾವುದನ್ನು ಎಳೆದುಕೊಂಡು ಹೋಗಬಹುದೋ ಅದೇ ಸರಿ. ಒಂದೇ ಎಚ್ಚರಿಕೆ. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಬಿಟ್ಟರೆ ಸಕ್ಕರೆ ಏಕಾಏಕಿ ಕುಸಿದು ಲೋಕಲ್ ರೈಲಿನಲ್ಲೇ ಕಣ್ಣು ಕತ್ತಲೆ ಬಂದೀತು.

ಈಗ ಚುಚ್ಚುಮದ್ದಿನ ಕಾಲ. 2025ರ ಮಾರ್ಚ್‌ನಲ್ಲಿ ಮೌಂಜಾರೊ, ಜೂನ್‌ನಲ್ಲಿ ವೆಗೋವಿ ಭಾರತದ ಮಾರುಕಟ್ಟೆಗೆ ಬಂದವು. ಹಸಿವನ್ನು ತಗ್ಗಿಸುವ ಈ ಮದ್ದುಗಳು ಪರಿಣಾಮಕಾರಿ ಎಂಬುದು ನಿಜ. ಬೊಜ್ಜು ಒಂದು ಕಾಯಿಲೆ, ಅದಕ್ಕೂ ಮದ್ದು ಬೇಕಾಗಬಹುದು ಎಂಬುದನ್ನು ಜನ ಒಪ್ಪುವಂತೆ ಮಾಡಿದ್ದೂ ಇವೇ. ಆದರೆ ವೆಗೋವಿಯಲ್ಲಿರುವ ಮದ್ದನ್ನು ನಿಲ್ಲಿಸಿದವರಿಗೆ ಇಳಿದ ತೂಕದ ಮೂರನೇ ಎರಡು ಪಾಲು ವರ್ಷದೊಳಗೆ ಮರಳಿ ಬಂದುದನ್ನು 2022ರ ಅಧ್ಯಯನವೊಂದು ತೋರಿಸಿದೆ. ಸೂಜಿ ಹಿಡಿದವರೂ ಒಂದಲ್ಲ ಒಂದು ದಿನ ಬೂಟು ಹುಡುಕಬೇಕಾದವರೇ. ಅದನ್ನು ಔಷಧಿ ಅಂಗಡಿಯವನ ಮಾತು ಕೇಳಿ ತೆಗೆದುಕೊಳ್ಳುವುದಂತೂ ಖಂಡಿತ ಬೇಡ. ಕತ್ತರಿಯ ದಾರಿಯೂ ಹಾಗೆಯೇ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 21ರ ಹರೆಯದ ಕನ್ನಡ ಕಿರುತೆರೆ ನಟಿ ಚೇತನಾ ರಾಜ್ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ಬಳಿಕ ತೀರಿಕೊಂಡ ಸುದ್ದಿ ಎಷ್ಟೋ ತಾಯಂದಿರ ನಿದ್ದೆ ಕೆಡಿಸಿತ್ತು.

ಇದಕ್ಕೆ ವಿರುದ್ಧವಾದ ಭಯವೂ ಇದೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ಅಗಲಿದಾಗ, ಆ ಬೆಳಗ್ಗೆ ಅವರು ವ್ಯಾಯಾಮ ಮಾಡಿದ್ದರೆಂಬ ಸುದ್ದಿ ಕೇಳಿ ಜಿಮ್ಮಿಗೆ ಹೋಗುವುದನ್ನೇ ಬಿಟ್ಟವರಿದ್ದರು. ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ಹೃದಯ ತಪಾಸಣೆಗೆ ಜನ ಮುಗಿಬಿದ್ದರು. ತಪಾಸಣೆ ಮಾಡಿಸಿಕೊಂಡದ್ದು ಸರಿ, ನಡಿಗೆ ಬಿಟ್ಟದ್ದು ತಪ್ಪು. ನಲವತ್ತು ದಾಟಿದವರು, ಸಕ್ಕರೆ-ರಕ್ತದೊತ್ತಡ ಇರುವವರು, ಮನೆಯಲ್ಲಿ ಹಿರಿಯರಿಗೆ ಹೃದಯದ ಕಾಯಿಲೆ ಇದ್ದವರು ಭಾರ ಎತ್ತುವ, ಓಡುವ ವ್ಯಾಯಾಮಕ್ಕೆ ಇಳಿಯುವ ಮೊದಲು ವೈದ್ಯರನ್ನು ಕಾಣಬೇಕು. ನಡೆಯುವಾಗ ಎದೆ ಹಿಡಿದಂತಾದರೆ, ಎಡಗೈಗೋ ದವಡೆಗೋ ನೋವು ಹರಿದರೆ 'ಗ್ಯಾಸ್' ಎಂದು ಸೋಡಾ ಕುಡಿದು ಮಲಗಬಾರದು. ಸಮಾಜದ ಕ್ರೀಡೋತ್ಸವದಲ್ಲಿ ವರ್ಷಕ್ಕೊಮ್ಮೆ, ಯಾವ ಅಭ್ಯಾಸವೂ ಇಲ್ಲದೆ, ಪ್ರಾಯದ ಹುರುಪಿನಲ್ಲಿ 100 ಮೀಟರ್ ಓಡಿ ತೊಡೆಯ ಸ್ನಾಯು ಹರಿದುಕೊಳ್ಳುವ ಹಿರಿಯರಿಗೂ ಈ ಮಾತು ಸಲ್ಲುತ್ತದೆ.

ತಟ್ಟೆಯ ಲೆಕ್ಕ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿ 2,000 ಕ್ಯಾಲರಿಯ ದಿನದೂಟಕ್ಕೆ ಸೂಚಿಸುವ ಅಕ್ಕಿ, ಗೋಧಿ, ಸಿರಿಧಾನ್ಯಗಳೆಲ್ಲ ಸೇರಿ 250 ಗ್ರಾಂ. ತರಕಾರಿ-ಹಣ್ಣು ಅದಕ್ಕೆ ಎರಡು ಪಟ್ಟು, ಅರ್ಧ ಕಿಲೋ. ನಮ್ಮವರ ತಟ್ಟೆಯಲ್ಲಿ ಇದು ಸಾಮಾನ್ಯವಾಗಿ ತಲೆಕೆಳಗು. ಅನ್ನದ ಗುಡ್ಡ, ಬದಿಯಲ್ಲಿ ಚಮಚದಷ್ಟು ಪಲ್ಯ. 2025ರಲ್ಲಿ ಬಂದ ಐಸಿಎಂಆರ್ ನೆರವಿನ ಸಮೀಕ್ಷೆಯ ಇನ್ನೊಂದು ಭಾಗದ ಪ್ರಕಾರ ಭಾರತೀಯರು ಶೇ. 62ರಷ್ಟು ಶಕ್ತಿಯನ್ನು ಅನ್ನ, ಗೋಧಿ, ಸಕ್ಕರೆಗಳಂಥ ಪಿಷ್ಟ ಪದಾರ್ಥಗಳಿಂದಲೇ ಪಡೆಯುತ್ತಾರೆ. ಬೇಳೆ-ಕಾಳು, ಹಾಲು-ಮೊಸರುಗಳ ಪಾಲು ಸ್ವಲ್ಪ ಹೆಚ್ಚಿದರೂ ಮಧುಮೇಹದ ಅಪಾಯ ತಗ್ಗೀತೆಂಬುದು ಆ ವರದಿಯ ಸಲಹೆ.

ಇದಕ್ಕೆ ಹೊರಗಿನ ಓಟ್ಸು, ಕ್ವಿನೋವಾಗಳನ್ನೇ ಕೊಳ್ಳಬೇಕೆಂದಿಲ್ಲ. ಹುರುಳಿ ಸಾರು, ಹೆಸರು ಕಾಳಿನ ಗಸಿ, ಬಸಳೆ ಸಾಂಬಾರು, ಒಂದೆಲಗದ ತಂಬುಳಿ, ಮಜ್ಜಿಗೆ, ಬಂಗುಡೆ-ಬೂತಾಯಿಯ ಪುಳಿಮುಂಚಿ ಇವೆಲ್ಲ ತೂಕ ಇಳಿಸುವವರ ಊಟವೇ. ಉತ್ತರ ಕರ್ನಾಟಕದವರ ಮನೆಯ ಜೋಳದ ರೊಟ್ಟಿ, ಕಾಳಿನ ಪಲ್ಯಕ್ಕೆ ಬೇರೆ ಡಯಟ್ ಬೇಕೇ ಇಲ್ಲ. ಪತ್ರೊಡೆಯ ಕೆಸುವಿನೆಲೆ ಇಲ್ಲಿ 'ಅಳು' ಎಂಬ ಹೆಸರಿನಲ್ಲಿ ಎಲ್ಲ ಭಾಜಿ ಮಾರ್ಕೆಟ್ಟಿನಲ್ಲೂ ಸಿಗುತ್ತದೆ. ಮಳೆಗಾಲದ ಮೊದಲ ದಿನಗಳಲ್ಲಿ ಥಾಣೆ ಜಿಲ್ಲೆಯ ಆದಿವಾಸಿ ಹೆಂಗಸರು ಕಟ್ಟು ಕಟ್ಟಿ ಮಾರುವ 'ಟಾಕಳಾ' ಎಂದರೆ ತುಳುವರ ತಜಂಕ್ ಸೊಪ್ಪೇ. ಊರಲ್ಲಿ ಹಿತ್ತಿಲಿನಿಂದ ಕಿತ್ತು ತಿಂದದ್ದನ್ನು ಇಲ್ಲಿ ಗುರುತಿಸದೆ ದಾಟಿ ಹೋಗುವವರೇ ಹೆಚ್ಚು.

ತೊಂದರೆ ಎಲ್ಲಿದೆಯೆಂದರೆ ಊರಿನ ಹಬ್ಬದ ತಿಂಡಿ ಇಲ್ಲಿ ದಿನದ ತಿಂಡಿಯಾಗಿರುವುದರಲ್ಲಿ. ಗೋಳಿಬಜೆ, ಬನ್ಸ್, ಕೋರಿರೊಟ್ಟಿ ಆಗೊಮ್ಮೆ ಈಗೊಮ್ಮೆ ತಿನ್ನುವವರಿಗೆ ಯಾವ ದೋಷವೂ ಇಲ್ಲ. ಹೊಟೇಲಿನಲ್ಲಿ ದುಡಿಯುವವರಿಗೆ, ಹೊಟೇಲಿನ ಪಕ್ಕ ಇರುವವರಿಗೆ ಅದು ಕೈಗೆಟಕುವ ದಿನದ ಅನ್ನ. ನೀರುದೋಸೆಗೆ ಎಣ್ಣೆ ಕಡಿಮೆ ನಿಜ, ಆದರೆ ಎಂಟು ತಿಂದರೆ ಅದೂ ಒಂದು ದೊಡ್ಡ ಬಟ್ಟಲು ಅನ್ನವೇ. ಕುಚ್ಚಲಕ್ಕಿ ಒಳ್ಳೆಯದೆಂದು ಎರಡು ಪಾಲು ಬಡಿಸಿಕೊಳ್ಳುವವರಿಗೂ ಇದನ್ನೇ ಹೇಳಬೇಕು. ಚಹಾದ ವಿಷಯ ಬೇರೆಯೇ. ದಿನಕ್ಕೆ ಎಂಟು ಕಟ್ಟಿಂಗ್, ಒಂದೊಂದಕ್ಕೆ ಎರಡು ಚಮಚ ಸಕ್ಕರೆ ಎಂದರೂ ಸಂಜೆಯೊಳಗೆ 60-70 ಗ್ರಾಂ ಸಕ್ಕರೆ ಹೊಟ್ಟೆ ಸೇರಿತು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹಾಕಿದ ಮೇಲ್ಮಿತಿ ದಿನಕ್ಕೆ ಸುಮಾರು 50 ಗ್ರಾಂ, ಅದರ ಅರ್ಧಕ್ಕಿಳಿಸಿದರೆ ಇನ್ನೂ ಉತ್ತಮ. ಗಲ್ಲಾದಲ್ಲಿ ಕೂರುವವರು ಬೇರೆ ಏನನ್ನೂ ಬಿಡದೆ ಚಹಾದ ಸಕ್ಕರೆಯೊಂದನ್ನು ಬಿಟ್ಟು ನೋಡಬಹುದು.

ಇನ್ನು ಸಭೆ-ಸಮಾರಂಭಗಳು. ಡೊಂಬಿವಲಿಯಿಂದ ಪನ್ವೇಲ್‌ವರೆಗೆ ವಾರದ ಯಾವ ಶನಿವಾರ, ಭಾನುವಾರವೂ ಖಾಲಿ ಹೋಗುವುದಿಲ್ಲ. ಅರಸಿನ ಕುಂಕುಮ, ಶನಿಪೂಜೆ, ಯಕ್ಷಗಾನ, ವಾರ್ಷಿಕೋತ್ಸವ, ಪ್ರತಿಭಾ ಪುರಸ್ಕಾರ. ಭಾಷಣಗಳು ಉದ್ದವಾದಷ್ಟೂ ಹಸಿವು ಹೆಚ್ಚು, ರಾತ್ರಿ ಹತ್ತೂವರೆಗೆ ಬಫೆಯ ಸಾಲು. "ತಿನ್ನದೆ ಹೋದರೆ ಮನೆಯವರಿಗೆ ಬೇಸರ" ಎಂಬ ಮಾತಿಗೆ ಉತ್ತರವಿಲ್ಲ. ಊರು ಬಿಟ್ಟು ಬಂದವರಿಗೆ ಒಟ್ಟಿಗೆ ಕುಳಿತು ಉಣ್ಣುವುದು ಬರೀ ಊಟವಲ್ಲ, ಅದನ್ನು ಬಿಡಿ ಎಂದು ಯಾವ ವೈದ್ಯರೂ ಹೇಳಲಾರರು. ಆದರೆ ಸಂಘಟಕರು ಮನಸ್ಸು ಮಾಡಿದರೆ ಸಭೆ ಎಂಟೂವರೆಗೆ ಮುಗಿಸಬಹುದು. ಎರಡು ಸಿಹಿಯ ಬದಲು ಒಂದು ಸಿಹಿ, ಒಂದು ಬುಟ್ಟಿ ಹಣ್ಣು ಇಡಬಹುದು. ಬೆಳಗ್ಗೆ ಸಕ್ಕರೆ ಕಾಯಿಲೆಯ ತಪಾಸಣಾ ಶಿಬಿರ ನಡೆಸಿ ಮಧ್ಯಾಹ್ನ ಜಿಲೇಬಿ ಹಂಚುವ ಪದ್ಧತಿಯನ್ನಾದರೂ ಬಿಡಬಹುದು.

ಹತ್ತು ನಿಮಿಷದ ಬಾಕಿ

"ಹೊತ್ತೇ ಇಲ್ಲ" ಎಂಬುದು ಈ ಭಾಗದ ಜನರ ನೆಪವಲ್ಲ, ನಿಜಸ್ಥಿತಿ. ವಾರಕ್ಕೆ 150 ನಿಮಿಷ ಬಿರುಸಿನ ಚಟುವಟಿಕೆ, ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದನ್ನು 7.50ರ ಲೋಕಲ್ ಹಿಡಿಯುವವರು ಓದಿ ನಗಬಹುದು. ಆದರೆ ಅದು ಒಂದೇ ಕಂತಿನಲ್ಲಿ ಆಗಬೇಕೆಂದಿಲ್ಲ. 2016ರಲ್ಲಿ ನ್ಯೂಜಿಲೆಂಡಿನಲ್ಲಿ ಮಧುಮೇಹವಿರುವ 41 ಮಂದಿಯ ಮೇಲೆ ನಡೆದ ಪ್ರಯೋಗದಲ್ಲಿ, ದಿನಕ್ಕೊಮ್ಮೆ ಅರ್ಧ ಗಂಟೆ ನಡೆಯುವುದಕ್ಕಿಂತ ಪ್ರತಿ ಊಟದ ಬಳಿಕ ಹತ್ತು ಹತ್ತು ನಿಮಿಷ ನಡೆದಾಗ ಊಟದ ನಂತರದ ಸಕ್ಕರೆ ಶೇ. 12ರಷ್ಟು ಹೆಚ್ಚು ಇಳಿಯಿತು, ರಾತ್ರಿಯೂಟದ ಬಳಿಕವಂತೂ ಶೇ. 22ರಷ್ಟು. ತಡರಾತ್ರಿ ಉಂಡು ಮಲಗುವ ಹೊಟೇಲಿನವರಿಗೆ ಇದಕ್ಕಿಂತ ಹೊಂದುವ ಸಲಹೆ ಇನ್ನೊಂದಿಲ್ಲ. ಷಟರ್ ಎಳೆದ ಮೇಲೆ ಆ ಗಲ್ಲಿಯ ಈ ತುದಿಯಿಂದ ಆ ತುದಿಗೆ ಎರಡು ಸಲ ಹೋಗಿ ಬಂದರೆ ಹತ್ತು ನಿಮಿಷ ಕಳೆಯಿತು. ರೈಲಿನಿಂದ ಇಳಿದವರು ಒಂದು ದಿನವಾದರೂ ಶೇರ್ ರಿಕ್ಷಾದ ಸಾಲು ಬಿಟ್ಟು ಮನೆಗೆ ನಡೆಯಬಹುದು. ಮನೆಯಲ್ಲಿ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕುಳಿತರೆ ತೊಡೆಗಳಿಗೆ ಅದೇ ವ್ಯಾಯಾಮ, ಜಿಮ್ಮಿಗೆ ಹಣ ಕಟ್ಟಬೇಕಿಲ್ಲ.

ಎಲ್ಲರ ದಾರಿಯೂ ಒಂದೇ ಅಲ್ಲ. ನವಿ ಮುಂಬಯಿಯವರಿಗೆ ಸಿಡ್ಕೊ ಬಿಟ್ಟುಕೊಟ್ಟ ಅಗಲ ರಸ್ತೆ, ಉದ್ಯಾನಗಳಿವೆ. ಥಾಣೆಯವರಿಗೆ ಉಪವನ ಕೆರೆ, ಯೇವೂರಿನ ಕಾಡುದಾರಿ ಇದೆ. ಡೊಂಬಿವಲಿ, ಕಲ್ಯಾಣ್‌ನವರ ಪಾಲಿಗೆ ಫೂಟ್‌ಪಾತು ಎಂಬುದು ಫೇರಿವಾಲಾಗಳು ಮತ್ತು ಬೈಕುಗಳ ಜಾಗ, ಮಳೆಗಾಲದಲ್ಲಿ ರಸ್ತೆಯೆಲ್ಲ ಹೊಂಡ. ನಡೆಯಲು ಜಾಗವಿಲ್ಲದ ಊರಿನಲ್ಲಿ ನಡೆಯಿರಿ ಎಂಬ ಉಪದೇಶ ಸುಲಭ. ಕಟ್ಟಡದ ಆವರಣ, ಟೆರೇಸು, ಸಾವಳಾರಾಮ್ ಮಹಾರಾಜ್ ಕ್ರೀಡಾ ಸಂಕುಲದ ಮೈದಾನ, ಹೀಗೆ ಸಿಕ್ಕಿದಲ್ಲಿ ನಡೆಯುವುದೇ ಇಲ್ಲಿಯವರ ಪಾಡು. ಪಾಲಿಕೆ ಚುನಾವಣೆಯಲ್ಲಿ ಮತ ಕೇಳಲು ಬರುವವರ ಮುಂದೆ ನಮ್ಮ ಸಂಘಟನೆಗಳು ಭವನಕ್ಕೆ ಜಾಗ ಕೇಳುವುದಿದೆ, ನಡೆಯಲು ಒಂದು ಫೂಟ್‌ಪಾತು ಕೇಳುವುದು ಕಡಿಮೆ.

ಮತ್ತೆ ಬರುವವರ ವಿಷಯದಲ್ಲಿ ಹಳೆಯ ನಡಿಗೆ ಗುಂಪುಗಳಲ್ಲಿ ಒಂದು ಅಲಿಖಿತ ನಿಯಮ ಇರುವುದುಂಟು. ಇಷ್ಟು ದಿನ ಎಲ್ಲಿದ್ದಿರೆಂದು ಯಾರೂ ಕೇಳುವುದಿಲ್ಲ. ಹೊಟ್ಟೆಯ ಕಡೆ ನೋಡುವುದಿಲ್ಲ. ಮೂರು ತಿಂಗಳು ಬಿಟ್ಟು ಬಂದವನಿಗೂ ನಿನ್ನೆ ಬಂದವನಿಗೂ ಒಂದೇ ಪ್ರಶ್ನೆ, "ಚಾ ಆಂಡಾ?" ಆಯಿತು, ಸಕ್ಕರೆ ಹಾಕದ್ದು ಎಂದು ಅವನು ಹೇಳುವಷ್ಟರಲ್ಲಿ ಗುಂಪು ಅವನ ಹೆಜ್ಜೆಗೆ ಹೊಂದುವಂತೆ ಸ್ವಲ್ಪ ನಿಧಾನವಾಗಿರುತ್ತದೆ.